ತನುಜಾ ಬರೆದವರೆಲ್ಲ ವಾಲಿ ನಿಂತಿದ್ದರು

ನನ್ನ ಸೊಸೆ ತನುಜಾ ಕಾಲೇಜಿಗೆ ಹೋಗುವುದು ನಮ್ಮ ಕಾಫಿ ಕಣದ ಮೂಲೆಗೆ. ಅಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ಕಲ್ಲುಕಟ್ಟೆ ಇದೆ. ಮನೆಯೊಳಗೆ ಎಲ್ಲಿ ನಿಂತರೂ ಫೋನಿಗೆ ಸಿಗ್ನಲ್ ಬರುವುದಿಲ್ಲ, ಆ ಕಟ್ಟೆಯ ಮೇಲೆ ಕೂತರೆ ಬರುತ್ತದೆ. ಶನಿವಾರ, ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದು ಕವುಚಿ, ಕೊಡೆ, ಹಲಗೆ, ಪೆನ್ಸಿಲ್ ಡಬ್ಬಿ, ಫೋನು ಎಲ್ಲ ಜೋಡಿಸಿಕೊಂಡು ಹೊರಡುತ್ತಾಳೆ. "ಅತ್ತೆ, ಕಾಲೇಜಿಗೆ ಹೋಗಿ ಬರ್ತೀನಿ" ಎಂದು ಹೇಳದೆ ಒಂದು ದಿನವೂ ಹೋದವಳಲ್ಲ. ಇರುವುದು ಮೂವತ್ತು ಹೆಜ್ಜೆ ದೂರ. ನಾನೂ "ಹುಷಾರು ಕಣೆ, ಬೇಗ ಬಾ" ಎನ್ನುತ್ತೇನೆ.

ಅವಳಿಗೀಗ ಮೂವತ್ತೊಂಬತ್ತು. ಚಿತ್ರಕಲೆಯಲ್ಲಿ ಡಿಗ್ರಿ ಮಾಡುತ್ತಿದ್ದಾಳೆ. ಪಾಠ, ಪರೀಕ್ಷೆ, ಮೇಷ್ಟ್ರು, ಜೊತೆಯ ಹುಡುಗರು ಎಲ್ಲವೂ ಆನ್‌ಲೈನ್. ವಿಶ್ವವಿದ್ಯಾಲಯ ಎಲ್ಲಿದೆ ಎಂದು ಕೇಳಿದರೆ ಫೋನು ಎತ್ತಿ ತೋರಿಸುತ್ತಾಳೆ.

ತನುಜಾ ಮಲ್ಲಂದೂರು ಕಡೆಯವಳು. ಅವಳ ಅಪ್ಪ ಗಂಗಾಧರಪ್ಪನವರು ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಬರೆಯುವುದು ಅವರ ಕೆಲಸ. ಆ ಹಾಜರಿಯ ಹಳೇ ಹಾಳೆಗಳ ಬೆನ್ನು ಖಾಲಿ ಇರುತ್ತಿತ್ತಲ್ಲ, ಅದರ ಮೇಲೆ ಈ ಹುಡುಗಿ ಚಿತ್ರ ಬರೆಯುತ್ತಿದ್ದಳಂತೆ. ಮುಂದಿನ ಬದಿಯಲ್ಲಿ ಆಳುಗಳ ಹೆಸರು, ಹಿಂದಿನ ಬದಿಯಲ್ಲಿ ಅದೇ ಆಳುಗಳ ಮುಖ. ಪಿಯುಸಿ ಮುಗಿದಾಗ ಮೈಸೂರಿಗೆ ಹೋಗಿ ಚಿತ್ರಕಲೆ ಕಲಿಯುತ್ತೇನೆ ಎಂದು ಕೇಳಿದಳು. ಗಂಗಾಧರಪ್ಪನವರು ಕೆಟ್ಟವರಲ್ಲ, ಗದರಲಿಲ್ಲ. "ಚಿತ್ರ ಬರ್ಕಂಡು ಅನ್ನ ತಿಂದೋರು ನಮ್ಮಲ್ಲಿ ಯಾರಿದಾರೆ ಮಗಾ? ಅದು ಕೈಚಳಕ, ಓದಲ್ಲ" ಎಂದರು. ಅಲ್ಲಿಗೆ ಮುಗಿಯಿತು. ಎರಡು ವರ್ಷಕ್ಕೆ ಬಾಳೂರಿನ ನಮ್ಮ ಮನೆಗೆ ಬಂದಳು, ನನ್ನ ಮಗ ನಾಗೇಶನ ಕೈ ಹಿಡಿದು.

ಬರುವಾಗ ಸೀರೆಯ ಪೆಟ್ಟಿಗೆಯ ಜೊತೆ ಒಂದು ಕಾಗದದ ಕಟ್ಟು ತಂದಿದ್ದಳು. ಅದೇನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ವರ್ಷ ಆಷಾಢದಲ್ಲಿ ಸೌದೆಯೆಲ್ಲ ತೊಯ್ದು ಬಚ್ಚಲ ಒಲೆ ಹತ್ತಲೊಲ್ಲದು. ಅಟ್ಟದ ಮೇಲೆ ಕೈಯಾಡಿಸಿದೆ, ಕಟ್ಟು ಸಿಕ್ಕಿತು. ಬಿಚ್ಚಿದರೆ ಹೆಸರುಗಳು, ತಾರೀಕುಗಳು. ಯಾವುದೋ ಎಸ್ಟೇಟಿನ ಹಳೇ ಹಾಜರಿ, ಇನ್ನೇನಕ್ಕೆ ಬೇಕು ಎಂದು ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು. ಕೊನೆಯ ಎರಡು ಹಾಳೆ ಮಗುಚಿದಾಗ ಅದರ ಬೆನ್ನ ಮೇಲೆ, ಪೆನ್ಸಿಲ್ ಗೆರೆಯಲ್ಲಿ, ಒಬ್ಬಳು ಹೆಂಗಸು ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. ಕೈ ಸುಟ್ಟುಕೊಂಡು ಎಳೆದೆ, ಅರ್ಧ ಹೋಗಿತ್ತು. ತನುಜಾ ಬಂದು ನೋಡಿದಳು. "ನೀರು ಕಾದಿದೆಯಾ ಅತ್ತೆ?" ಎಂದು ಕೇಳಿ, ಸ್ನಾನಕ್ಕೆ ಹೋದಳು. ಬಚ್ಚಲಿನಿಂದ ಹೊರಬರಲು ಬಹಳ ಹೊತ್ತು ಮಾಡಿದಳು.

ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ.

ಎರಡೂವರೆ ವರ್ಷದ ಹಿಂದೆ ಮೊಮ್ಮಗಳು ರಕ್ಷಾ ಹಾಸ್ಟೆಲಿನಿಂದ ರಜಕ್ಕೆ ಬಂದವಳು ಫೋನಿನಲ್ಲಿ ಏನೋ ತೋರಿಸಿದಳು. "ಅಮ್ಮ, ವಯಸ್ಸಿನ ಲೆಕ್ಕ ಇಲ್ವಂತೆ. ಪಿಯುಸಿ ಆಗಿದ್ರೆ ಸಾಕು." ತನುಜಾಳ ಮುಖ ಕೆಂಪಾಯಿತು. ನಾಗೇಶ, "ಈಗಾ? ಕೊಯ್ಲು ಇಟ್ಕಂಡು? ಆಳುಗಳಿಗೆ ಟೀ ಯಾರು ಕಾಯಿಸ್ತಾರೆ?" ಎಂದ.

"ನಾನು ಕಾಯಿಸ್ತೀನಿ ಕಣೋ. ನೀನು ಸುಮ್ನಿರು ಮಾರಾಯ" ಎಂದೆ. ನಾನು ಯಾಕೆ ಹಾಗೆಂದೆ ಎಂಬುದು ತನುಜಾಳಿಗೂ ಗೊತ್ತು, ನನಗೂ ಗೊತ್ತು.

ಮೊದಲ ವರ್ಷ ಚೊಂಬು, ಎಲೆ, ಕುರ್ಚಿ ಬರೆದಳು, ಚೆನ್ನಾಗಿ ಪಾಸಾದಳು. ಎರಡನೇ ವರ್ಷ ಮನುಷ್ಯರನ್ನು ಬರೆಯುವ ಪಾಠ ಬಂತು. ನೋಡಬೇಕಿತ್ತು ಅವಳ ಹುರುಪು! ನಾಗೇಶ ಮೆಣಸಿನ ಬಳ್ಳಿ ಕಟ್ಟುವಾಗ, ನಾನು ಸೊಪ್ಪು ಕೊಯ್ಯುವಾಗ, ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಬಿಡಿಸುವಾಗ, ಎಲ್ಲೆಂದರಲ್ಲಿ ಹಲಗೆ ಹಿಡಿದು ನಿಲ್ಲುತ್ತಿದ್ದಳು. ಗಿಡ, ಮರ ಏನನ್ನೂ ಬರೆಯುತ್ತಿರಲಿಲ್ಲ. ಬಿಳೀ ಹಾಳೆಯ ನಡುವೆ ಮನುಷ್ಯ ಮಾತ್ರ. ದೂರದಿಂದ ನೋಡಿದರೂ ಇಂಥವರು ಎಂದು ಹೇಳಬಹುದಿತ್ತು.

ದೀಪಾವಳಿಯ ಹೊತ್ತಿಗೆ ಫಲಿತಾಂಶ ಬಂತು. ಆ ವಿಷಯದಲ್ಲಿ ಫೇಲು.

ಅವರ ಮೇಷ್ಟ್ರು ನಿರಂಜನ ಎಂದು, ಬಯಲುಸೀಮೆಯವರು. ಒಳ್ಳೆಯ ಮನುಷ್ಯ, ಆದರೆ ಕಟ್ಟುನಿಟ್ಟು. ಹನ್ನೆರಡು ಚಿತ್ರಕ್ಕೂ ಒಂದೇ ಮಾತು ಬರೆದು ಕಳಿಸಿದ್ದರು: ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ, ಪಾದಗಳು ಒಂದೇ ನೆಲದ ಮೇಲಿಲ್ಲ, ಸೊಂಟ ವಾಲಿದೆ, ಇವರೆಲ್ಲ ಬೀಳುತ್ತಿದ್ದಾರೆ. ಜನವರಿಯಲ್ಲಿ ಇನ್ನೊಂದು ಅವಕಾಶ. ಹನ್ನೆರಡೂ ಚಿತ್ರ ತಿದ್ದಿ ಬರೆದು, ಎಲ್ಲರೆದುರು ತೋರಿಸಬೇಕು. ಅದೂ ಹೋದರೆ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ.

"ಇದೂ ಹೋದ್ರೆ ಪೆನ್ಸಿಲ್ ಮುಟ್ಟಲ್ಲ ಅತ್ತೆ" ಎಂದಳು ತನುಜಾ, ದೋಸೆ ಮಗುಚುತ್ತ. "ಅಪ್ಪ ಹೇಳಿದ್ದೇ ಸರಿ ಅಂತ ತಿಳ್ಕಂಡು ಬಿಡ್ತೀನಿ." ತಮಾಷೆಗೆ ಹೇಳಿದ್ದಲ್ಲ. ಅವಳು ಒಂದು ಸಲ ಮುಚ್ಚಿದ ಬಾಗಿಲು ತೆರೆಯುವವಳಲ್ಲ.

ನಾವು ಮೂವರೂ ಚಿತ್ರಗಳನ್ನು ಹರಡಿ ತಪ್ಪು ಹುಡುಕಿದೆವು. ನಾಗೇಶ ತನ್ನ ಚಿತ್ರವನ್ನು ಕೈ ನೀಡಿ ದೂರ ಹಿಡಿದು ನೋಡಿದ. "ನಾನೆಲ್ಲಿ ಬೀಳ್ತಾ ಇದೀನಿ? ಅಮ್ಮ, ನೀನೇ ನೋಡು, ಭದ್ರವಾಗೇ ನಿಂತಿದೀನಲ್ಲ?"

"ಹೌದಪ್ಪ, ನೀನೇ. ಹೊಟ್ಟೆ ಸ್ವಲ್ಪ ಕಮ್ಮಿ ಬರ್ದಿದಾಳೆ, ಅಷ್ಟೇ" ಎಂದೆ.

ನಮಗೆ ತಪ್ಪು ಕಾಣಲೇ ಇಲ್ಲ. ಕಾಣದ ತಪ್ಪನ್ನು ತಿದ್ದುವುದು ಹೇಗೆ? ಕೊನೆಗೆ ಅವಳು ಮೇಷ್ಟ್ರು ಹೇಳಿದ ಹಾಗೇ ಮಾಡಿದಳು. ಕಣದ ಸಿಮೆಂಟಿನ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಎರಡು ಪಾದ ಜೋಡಿಸಿ, ಸೀಸದ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೇರ ನೋಡಿ ಬರೆದಳು. ನಾಗೇಶ ಆಧಾರ್ ಕಾರ್ಡಿಗೆ ಫೋಟೋ ತೆಗೆಸುವವನಂತೆ ಉಸಿರು ಬಿಗಿಹಿಡಿದು ನಿಂತ. ಚಿತ್ರಗಳು ನೆಟ್ಟಗೆ ಬಂದವು. ಬರೆಯುತ್ತಿದ್ದವಳ ಮುಖ ಮಾತ್ರ ಬಾಡುತ್ತ ಹೋಯಿತು. ಮೊದಲು ಬರೆದು ಮುಗಿಸಿದ ಕೂಡಲೇ "ಅತ್ತೆ, ಬನ್ನಿ ನೋಡಿ" ಎಂದು ಕೂಗುತ್ತಿದ್ದವಳು, ಈಗ ಹಾಳೆ ಮಗುಚಿಟ್ಟು ಅನ್ನ ಬಸಿಯಲು ಹೋಗುತ್ತಿದ್ದಳು.

ಆ ವರ್ಷ ಕೊಯ್ಲಿಗೆ ಕಡೂರು ಕಡೆಯಿಂದ ಶಿವಗಂಗಮ್ಮ ಎಂಬ ಹೆಂಗಸು ಬಂದಿದ್ದಳು. ಮಲೆನಾಡಿಗೆ ಅದೇ ಮೊದಲ ಸಲ. ಬಂದ ಎರಡನೇ ದಿನವೇ ಜಾರಿ, ಹಣ್ಣಿನ ಚೀಲದ ಸಮೇತ ನಾಲ್ಕು ಗಿಡ ಕೆಳಗೆ ಉರುಳಿ ಹೋಗಿದ್ದಳು. "ಇದೆಂಥ ತೋಟವ್ವಾ, ಗೋಡೆ ಮೇಲೆ ಗಿಡ ನೆಟ್ಟಂಗೈತೆ!" ಎಂದು ಕೂತಲ್ಲೇ ಬೈದಳು. ಉಳಿದ ಹೆಂಗಸರು ನಕ್ಕು ನಕ್ಕು, ಹೇಗೆ ನಿಲ್ಲಬೇಕೆಂದು ಅವಳಿಗೆ ಹೇಳಿಕೊಟ್ಟರು. ಬಾಯಿ ಜೋರು, ಮನಸ್ಸು ಹಾಲು.

ಚಿತ್ರ ತೋರಿಸಲು ಇನ್ನು ಮೂರು ದಿನ ಇತ್ತು. ಮಧ್ಯಾಹ್ನ ನಾನು ಟೀ ಕೊಡುವಾಗ ಶಿವಗಂಗಮ್ಮ ಲೋಟ ಹಿಡಿದು ಕಟ್ಟೆಯ ಹತ್ತಿರ ಬಂದಳು. ತನುಜಾ ಹಳೇ ಚಿತ್ರ ಒಂದು ಕಡೆ, ಹೊಸ ಚಿತ್ರ ಒಂದು ಕಡೆ ಇಟ್ಟುಕೊಂಡು ಕೂತಿದ್ದಳು. ಶಿವಗಂಗಮ್ಮ ಹೊಸದನ್ನು ನೋಡಿ, "ಇವ್ರ್ಯಾರವ್ವ? ಮದ್ವೆ ಫೋಟೋಕ್ಕೆ ನಿಲ್ಸಿದಂಗೆ ನಿಂತವ್ರಲ್ಲ, ಮೈಯಾಗೆ ಜೀವನೇ ಇಲ್ಲ" ಎಂದಳು. ಆಮೇಲೆ ಹಳೇದನ್ನು ಎತ್ತಿಕೊಂಡಳು. "ಹಾ! ಇದು ನಿಮ್ಮೂರೋರು ನೋಡು. ಒಂದ್ ಕಾಲು ಮ್ಯಾಲೆ, ಒಂದ್ ಕಾಲು ಕೆಳ್ಗೆ, ಮಂಡಿ ಮಡ್ಚಿ. ನಂಗೂ ಹಿಂಗೇ ನಿಲ್ಲದು ಕಲ್ಸಿದ್ರಲ್ಲ! ಆದ್ರೆ ನೆಲ ಎಲ್ಲೈತವ್ವ?"

"ನೆಲವಾ?" ಎಂದಳು ತನುಜಾ.

"ನೆಲ ಬರೀದೆ ಇದ್ರೆ ನಮ್ಮೂರ ಕಡೆ ನೋಡ್ದೋರು, ಪಾಪ ಕುಂಟಿ, ಬೀಳ್ತಾವ್ಳೆ ಅಂತಾರೆ. ನಮ್ ಕಡೆ ನೆಲ ತಟ್ಟೆ ಇದ್ದಂಗೆ ಅಲ್ವಾ."

ತನುಜಾ ನನ್ನ ಕಾಲು ನೋಡಿದಳು. ನಾನು ಟೀಗೆ ಬಂದು ನಿಂತಿದ್ದ ನಾಗೇಶನ ಕಾಲು ನೋಡಿದೆ. ಚಪ್ಪಟೆ ಸಿಮೆಂಟು ಕಣದ ಮೇಲೆ ನಿಂತಿದ್ದರೂ ಅವನು ಒಂದು ಕಾಲನ್ನು ಕಟ್ಟೆಯ ಅಂಚಿಗೆ ಏರಿಸಿಕೊಂಡಿದ್ದ. ನನ್ನ ಒಂದು ಪಾದ ಹಣ್ಣಿನ ಮೂಟೆಯ ಮೇಲಿತ್ತು. ಹುಟ್ಟಿದಾಗಿನಿಂದ ಇಳಿಜಾರಿನಲ್ಲಿ ನಿಂತವರು ನಾವು. ಹಾಗಲ್ಲದೆ ಬೇರೆ ಥರ ಮನುಷ್ಯ ನಿಲ್ಲುತ್ತಾನೆ ಎಂಬುದೇ ನಮಗೆ ಹೊಳೆದಿರಲಿಲ್ಲ. ನಮ್ಮ ಕಣ್ಣಿಗೆ ನೆಲ ಬರೆಯದಿದ್ದರೂ ಕಾಣುತ್ತಿತ್ತು. ಮೇಷ್ಟ್ರ ಕಣ್ಣಿಗೆ ಹೇಗೆ ಕಾಣಬೇಕು?

ಆದರೆ ನಾಗೇಶ ಹೆದರಿದ. "ಅರ್ಥ ಆತು ಬಿಡು. ಆದ್ರೂ ಈಗ ಆ ನೆಟ್ಟಗಿರೋದೇ ಕಳ್ಸು ಮಾರಾಯ್ತಿ. ಮೊದ್ಲು ಪಾಸಾಗು, ನ್ಯಾಯ ಆಮೇಲೆ ಕೇಳು. ಅವೇ ಚಿತ್ರ ಮತ್ತೆ ಕೊಟ್ರೆ ಮೇಷ್ಟ್ರಿಗೆ ಸಿಟ್ಟು ಬರಲ್ವಾ?"

"ಆ ನೆಟ್ಟಗಿರೋದ್ರಲ್ಲಿ ಪಾಸಾದ್ರೂ ನಂಗೇನು ಬಂತು? ಅದು ನೀವಲ್ವಲ್ಲ" ಎಂದಳು.

ಮೂರು ದಿನ ಕೂತಳು. ಮನುಷ್ಯರ ಮೈಯ ಒಂದು ಗೆರೆಯನ್ನೂ ಅಳಿಸಲಿಲ್ಲ. ಅವರ ಕಾಲ ಕೆಳಗೆ ನೆಲ ಬರೆದಳು, ಅಷ್ಟೇ. ಎಲ್ಲೋ ಒಂದು ಕಾಫಿ ಗಿಡದ ಬುಡ, ಎಲ್ಲೋ ಬೇರು, ತರಗೆಲೆ, ಜಾರುವ ಮಣ್ಣು.

ಶನಿವಾರ ಬಂತು. ಬಿಸಿಲಿಗೆ ಫೋನಿನಲ್ಲಿ ಏನೂ ಕಾಣದೆಂದು ನಾನು ಕೊಡೆ ಹಿಡಿದು ಪಕ್ಕದಲ್ಲೇ ಕೂತೆ. ಫೋನಿನ ತುಂಬ ಪುಟ್ಟ ಪುಟ್ಟ ಚೌಕದಲ್ಲಿ ಮುಖಗಳು. ಇವಳ ಸರದಿ ಬಂದಾಗ ಮೊದಲ ಚಿತ್ರ ತೋರಿಸಿದಳು.

"ತನುಜಾ ಅವ್ರೇ, ಇದು ಮೊದಲೇ ಕಳಿಸಿದ್ದ ಚಿತ್ರ ಅಲ್ವಾ?" ಎಂದರು ಮೇಷ್ಟ್ರು.

"ಹೌದು ಸರ್, ಅದೇ. ನೆಲ ಮಾತ್ರ ಹೊಸದು."

"ತಿದ್ದಿ ಅಂತ ಹೇಳಿದ್ದೆ ನಾನು."

ಅವಳು ಚಿತ್ರ ಕೆಳಗಿಟ್ಟು ಫೋನಿಗೆ ಹತ್ತಿರ ಸರಿದಳು. "ಸರ್, ತಪ್ಪು ತಿಳ್ಕಬೇಡಿ. ಒಂದು ದಪ್ಪ ಪುಸ್ತಕ ನೆಲಕ್ಕಿಟ್ಟು ಅದ್ರ ಮೇಲೆ ಒಂದು ಕಾಲಿಟ್ಟು ನಿಲ್ತೀರಾ? ಇನ್ನೊಂದು ಕಾಲು ಕೆಳಗೇ ಇರ್ಲಿ. ಎಲ್ರೂ ನಿಲ್ಲಿ, ಒಂದೇ ನಿಮಿಷ."

ಮೊದಲು ಒಬ್ಬಳು ಹುಡುಗಿ ಕಿಸಕ್ಕನೆ ನಕ್ಕು ಎದ್ದಳು. ಒಬ್ಬೊಬ್ಬರಾಗಿ ಎದ್ದರು. ಚೌಕಗಳಲ್ಲಿ ಮುಖ ಹೋಗಿ ಬರೀ ಹೊಟ್ಟೆಗಳು ಕಂಡವು. ಕೊನೆಗೆ ಮೇಷ್ಟ್ರೂ ಎದ್ದು ಹಿಂದೆ ಸರಿದು ನಿಂತರು. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಚೌಕುಳಿ ಲುಂಗಿ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಪುಸ್ತಕದ ಮೇಲೆ ಒಂದು ಕಾಲು ಇಟ್ಟದ್ದೇ ಅವರ ಸೊಂಟ ಒಂದು ಕಡೆ ಏರಿತು, ಹೆಗಲು ಇನ್ನೊಂದು ಕಡೆ ಇಳಿಯಿತು. ಚೌಕದಲ್ಲಿದ್ದವರೆಲ್ಲ ನಮ್ಮ ತೋಟದ ಆಳುಗಳ ಹಾಗೇ ನಿಂತಿದ್ದರು.

ಅದೇ ಹೊತ್ತಿಗೆ ತನುಜಾ ಫೋನನ್ನು ತೋಟದ ಕಡೆ ತಿರುಗಿಸಿದಳು. ಕೆಳಗಿನ ಸಾಲಿನಲ್ಲಿ ಶಿವಗಂಗಮ್ಮ ಹಣ್ಣು ಬಿಡಿಸುತ್ತಿದ್ದಳು. "ನನ್ಯಾಕ್ ತೋರಿಸ್ತೀಯವ್ವ, ತಲೆ ಬಾಚಿಲ್ಲ!" ಎಂದು ಅಲ್ಲಿಂದಲೇ ಕೂಗಿದಳು. ಆ ಕೂಗೂ ಕ್ಲಾಸಿಗೆಲ್ಲ ಕೇಳಿತು.

ಮೇಷ್ಟ್ರು ಮತ್ತೆ ಕೂತು ಹನ್ನೆರಡೂ ಚಿತ್ರವನ್ನು ನಿಧಾನವಾಗಿ ನೋಡಿದರು. "ಇವ್ರ್ಯಾರೂ ಬೀಳ್ತಿಲ್ಲ" ಎಂದರು. "ಕಾಲಷ್ಟೇ ನೋಡಿ ನಾನು ತೀರ್ಮಾನ ಮಾಡ್ಬಿಟ್ಟೆ. ಆದ್ರೆ ಅರ್ಧ ತಪ್ಪು ನಿಮ್ದೂ ಇದೆ ತನುಜಾ ಅವ್ರೇ. ನಿಮ್ಮ ಬೆಟ್ಟ ನೋಡದವ್ರೂ ಚಿತ್ರ ನೋಡ್ತಾರೆ." ಆಮೇಲೆ ಕನ್ನಡಕ ಮೇಲೇರಿಸಿ ಫೋನಿಗೆ ಹತ್ತಿರ ಬಂದರು. "ಇನ್ನೊಂದು. ಎಲ್ಲರ ಕೈಯನ್ನೂ ಚಿಕ್ಕದು ಮಾಡಿದೀರಿ. ಅದಕ್ಕೆ ಯಾವ ಬೆಟ್ಟದ ನೆಪ ಹೇಳ್ತೀರಿ?"

"ಅದು ನನ್ನ ತಪ್ಪೇ ಸರ್" ಎಂದಳು ತನುಜಾ. ನಗುತ್ತಿದ್ದಳು.

ಎಂಟು ದಿನಕ್ಕೆ ಅಂಕ ಬಂತು, ನೂರಕ್ಕೆ ಐವತ್ತೆರಡು. "ಇಷ್ಟೆಲ್ಲ ಮಾಡಿ ಐವತ್ತೆರಡಾ!" ಎಂದು ನಾಗೇಶ ಗೊಣಗಿದ. "ಉಳಿದಿದ್ದು ಕೈಗೆ ಹೋತು ಕಣ್ರೀ" ಎಂದಳು ಅವಳು. ಮೂರನೇ ವರ್ಷಕ್ಕೆ ಸೇರಿಯೂ ಆಯಿತು.

ಈಗ ಕೈ ಕಲಿಯುತ್ತಿದ್ದಾಳೆ. ಮಧ್ಯಾಹ್ನ ನನ್ನ ತೊಡೆಯ ಮೇಲಿನ ಮೊರ ಕಿತ್ತು ಪಕ್ಕಕ್ಕಿಟ್ಟು, ನನ್ನ ಎಡಗೈಯನ್ನು ಮಂಡಿಯ ಮೇಲೆ ಇಡಿಸುತ್ತಾಳೆ. ಕೆಲಸವಿಲ್ಲದೆ ಕೈಯನ್ನು ಸುಮ್ಮನೆ ಇಡುವುದು ಎಂಥ ಕಷ್ಟ ಎಂಬುದು ನನಗೆ ಈ ವಯಸ್ಸಿನಲ್ಲಿ ಗೊತ್ತಾಗುತ್ತಿದೆ. ನೊಣ ಓಡಿಸಿದರೂ "ಅತ್ತೆ, ಅಲ್ಲಾಡಿಸ್ಬೇಡಿ ಅಂದೆ" ಎಂದು ಗದರುತ್ತಾಳೆ. ಒಂದು ವಾರದಿಂದ ಕೂತಿದ್ದೇನೆ. ನಾಲ್ಕು ಬೆರಳು ಮುಗಿದಿವೆ, ಇನ್ನು ಹೆಬ್ಬೆರಳು ಬಾಕಿ.