ಬೀಟೆ ದಿಮ್ಮಿಯೊಳಗೆ ನಾನು ಅಡಗಿಸಿದ ಸುತ್ತಿಗೆ

ಮುದ್ರೆ ಸುತ್ತಿಗೆಯನ್ನು ಅಡಗಿಸಿದವನು ನಾನು. ಅದನ್ನು ಮರಳಿ ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟವನೂ ನಾನೇ. ಕುಶಾಲಪ್ಪನವರೇ, ನಿಮ್ಮ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಕಳ್ಳನೆಂದು ನಿಮ್ಮನ್ನು ಹೆಸರು ಹಿಡಿದೇ ಕರೆದರಲ್ಲ.

ಕೊಡಗು ಆಗ ತನ್ನದೇ ಒಂದು ಸಣ್ಣ ರಾಜ್ಯ. ತಿತಿಮತಿಯ ಮರದ ಡಿಪೋದಲ್ಲಿ ನಾನು ಗುಮಾಸ್ತ, ನೀವು ಗಾರ್ಡ್. ಸುತ್ತಿಗೆ ನಿಮ್ಮ ವಶದಲ್ಲಿತ್ತು. ಅದರ ತಲೆಯಲ್ಲಿದ್ದ ಸರ್ಕಾರಿ ಗುರುತು ಬಿದ್ದ ದಿಮ್ಮಿ ಮಾತ್ರ ಗೇಟು ದಾಟಬಹುದು. ಅಂಥ ವಸ್ತುವಿನ ಪೆಟ್ಟಿಗೆಗೆ ಬೀಗ ಹಾಕಲು ನೀವು ಮರೆಯುತ್ತಿದ್ದಿರಿ. ನಾನೋ, ತೆಗೆದದ್ದನ್ನು ತೆಗೆದಲ್ಲೇ ಇಡು ಎಂದು ಬೆತ್ತದೇಟು ತಿಂದು ಕಲಿತವನು. ನಿಮ್ಮನ್ನು ಕಂಡರೆ ಮೈ ಉರಿಯುತ್ತಿತ್ತು. ಸಾಲದ್ದಕ್ಕೆ ನೀವು ಒಂದು ದಿನ ಎಲ್ಲರೆದುರು —

"ನಮ್ಮ ಗುಮಾಸ್ತರಿಗೆ ಸೀನು ಬಂದ್ರೂ ಗಡಿಯಾರ ನೋಡ್ಬೇಕು ಮಾರಾಯ್ರೆ. ಹೊತ್ತಾಗದಿದ್ರೆ ಒಳಗೇ ಇಟ್ಕೊಳ್ತಾರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಒಳಗೆ ಹಲ್ಲು ಕಡಿದೆ.

ಮರುವಾರ, ಊಟದ ಬಿಡುವಿನಲ್ಲಿ ನಿಧಿ ಹುಡುಕುವ ಆಟ ಆಡೋಣ ಎಂದೆ. ಯಾರೂ ನಂಬಲಿಲ್ಲ. "ಗುಮಾಸ್ತರಿಗೆ ಜ್ವರವಾ ಹೇಗೆ?" ಎಂದು ನೀವು ನನ್ನ ಹಣೆ ಮುಟ್ಟಿ ನೋಡಿದಿರಿ. ಚೀಟಿಗಳಲ್ಲಿ ಒಗಟು ಬರೆದು ನೀರಿನ ಹಂಡೆಯ ಕೆಳಗೆ, ಆನೆ ಕಟ್ಟುವ ಕಂಬದ ಸಂದಿಯಲ್ಲಿ, ಗೇಟಿನ ಲಾಂದ್ರದೊಳಗೆ ಸಿಕ್ಕಿಸಿದ್ದೆ. ಕೊನೆಯ ಚೀಟಿ ಒಂದು ಬೀಟೆ ದಿಮ್ಮಿಯ ಪೊಟರೆಗೆ ಕರೆದೊಯ್ಯುತ್ತಿತ್ತು. ನಿಧಿಯೆಂದರೆ ಒಂದು ರಸಬಾಳೆಯ ಚಿಪ್ಪು ಎಂದು ಎಲ್ಲರಿಗೂ ಗೊತ್ತು. ಅದರ ಹಿಂದೆ ನಿಮ್ಮ ಸುತ್ತಿಗೆ ಇದೆಯೆಂದು ನನಗೆ ಮಾತ್ರ ಗೊತ್ತು. ಎಲ್ಲರೆದುರು ಅದು ಹೊರಬರಬೇಕು, ನಿಮ್ಮ ಮುಖ ಕಪ್ಪಿಡಬೇಕು — ಅಷ್ಟೇ ಬೇಕಿತ್ತು. ಅಷ್ಟೇ, ಎನ್ನುತ್ತೇನೆ ಇನ್ನೂ! ನಾಚಿಕೆಯಿಲ್ಲದ ಮಾತು.

ನೀವು ಮಕ್ಕಳಂತೆ ಓಡಾಡಿದಿರಿ. ಎರಡನೆಯ ಚೀಟಿ ನಿಮಗೇ ಸಿಕ್ಕಿತ್ತು. ಅಷ್ಟರಲ್ಲಿ ರೇಂಜರರ ಜೀಪು ಹೇಳದೆ ಕೇಳದೆ ಒಳಗೆ ಬಂತು. ಎಲ್ಲರೂ ಚೀಟಿ ಬಿಸಾಡಿ ತಮ್ಮ ತಮ್ಮ ಜಾಗಕ್ಕೆ ಓಡಿದರು. ಲಾರಿಗೆ ಏರಿಸಬೇಕಾದ ದಿಮ್ಮಿಗಳಿಗೆ ಮುದ್ರೆ ಹೊಡಿ ಎಂದು ಅವರು ನಿಮಗೆ ಹೇಳಿದರು. ನೀವು ಪೆಟ್ಟಿಗೆ ತೆರೆದಿರಿ.

"ಇಲ್ಲೇ ಇಟ್ಟದ್ದು ಸಾರ್... ಬೆಳಿಗ್ಗೆ ಇತ್ತು ಸಾರ್."

ನಾನು ಆರು ಮಾರು ದೂರದಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು — ತಮಾಷೆಗೆ ನಾನೇ ಅಡಗಿಸಿದೆ ಸಾರ್, ಅಂತ. ಬೈಯುತ್ತಿದ್ದರು, ಹೆಚ್ಚೆಂದರೆ ಎಚ್ಚರಿಕೆ ಕೊಡುತ್ತಿದ್ದರು. ಆದರೆ ಕಚೇರಿಯಲ್ಲಿ ಆಟ ಆಡಿಸಿದ ಗುಮಾಸ್ತ ಎಂಬ ಕಲೆ ನನ್ನ ಸೇವೆಗೆ ಹತ್ತುತ್ತಿತ್ತಲ್ಲ! ನಾಲಿಗೆ ಕಚ್ಚಿಕೊಂಡು ನಿಂತೆ. ಕಚೇರಿ, ಕೊಟ್ಟಿಗೆ, ನಿಮ್ಮ ಮನೆಯ ಅಟ್ಟ ಎಲ್ಲವನ್ನೂ ಜಾಲಾಡಿದರು. ದಿಮ್ಮಿಯ ಪೊಟರೆ ಯಾರಿಗೂ ಹೊಳೆಯಲಿಲ್ಲ. ಆಟದ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಅವರವರ ಹೆದರಿಕೆ ಅವರಿಗೆ.

ಮಾರನೆಯ ಬೆಳಿಗ್ಗೆ, ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಸುತ್ತಿಗೆಯನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದೆ. ವಸ್ತು ತನ್ನ ಜಾಗಕ್ಕೆ ಬಂದರೆ ಎಲ್ಲವೂ ಸರಿಹೋಯಿತು — ಇದು ನಾನು ಕಲಿತ ವಿದ್ಯೆ. ಬೆಂಕಿ ಬೀಳಲಿ ಆ ವಿದ್ಯೆಗೆ! ರೇಂಜರರು ಬಂದು ಪೆಟ್ಟಿಗೆ ತೆರೆಸಿದರು. ಸುತ್ತಿಗೆಯನ್ನು ಕೈಯಲ್ಲಿ ತೂಗಿದರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನ್ನೆ ಇರಲಿಲ್ಲ. ಇವತ್ತು ಇದೆ. ರಾತ್ರಿ ಯಾರ ಕಳ್ಳಮರಕ್ಕೆ ಮುದ್ರೆ ಬಡಿದು ಬಂದೆಯೋ?"

ಕಳೆದುಹೋಗಿದ್ದರೆ ಅದು ಬರೀ ಅಜಾಗರೂಕತೆ. ನಾನು ಮರಳಿಸಿದ್ದರಿಂದ ಅದು ಕಳ್ಳತನವಾಯಿತು. ಅವರು ನನ್ನ ಕಡೆ ತಿರುಗಿದರು: "ಗುಮಾಸ್ತರೇ, ಮೊದಲು ಬಂದವರು ನೀವು. ಯಾರಾದರೂ ಒಳಗೆ ಬಂದದ್ದು ಕಂಡಿರಾ?"

"ಇಲ್ಲ ಸಾರ್."

ಸುಳ್ಳಲ್ಲ, ನೋಡಿ. ಬೇರೆ ಯಾರನ್ನೂ ನಾನು ಕಂಡಿರಲಿಲ್ಲ. ಎಷ್ಟು ಅಚ್ಚುಕಟ್ಟಾದ ಉತ್ತರ!

ನಿಮ್ಮ ಕೆಲಸ ಹೋಯಿತು. ಮರಗಳ್ಳ ಎಂಬ ಹೆಸರು ಉಳಿಯಿತು. ಯಾವ ಎಸ್ಟೇಟಿನವರೂ ನಿಮ್ಮನ್ನು ಕಾವಲಿಗೆ ಇಟ್ಟುಕೊಳ್ಳಲಿಲ್ಲ. ವರ್ಷಗಳ ಮೇಲೆ ನೆಲ್ಯಹುದಿಕೇರಿಯಲ್ಲಿ ಹೊಳೆ ದಾಟಲು ಹೋದರೆ ದೋಣಿಯಲ್ಲಿ ಹುಟ್ಟು ಹಿಡಿದು ಕೂತವರು ನೀವು. ನಡುಹೊಳೆಯಲ್ಲಿ ಕೇಳಿದಿರಿ: "ಗುಮಾಸ್ತರೇ, ಆ ಸುತ್ತಿಗೆ ಯಾರು ಇಟ್ಟದ್ದು ಅಂತ ನಿಮಗೆ ಎಂತಾದ್ರೂ ಗೊತ್ತುಂಟಾ?"

"ಬಿಡಿ ಕುಶಾಲಪ್ಪ, ಹಳೇದು," ಎಂದೆ. ಕೇಳಿದ್ದಕ್ಕೆ ನಿಮ್ಮ ಮೇಲೇ ಸಿಟ್ಟು ಬಂತು — ಆ ಸಿಟ್ಟಿಗೆ ಏನೆನ್ನಲಿ? ಆಚೆ ದಡದಲ್ಲಿ ನೀವು "ಜಾರ್ತದೆ, ಕೈ ಕೊಡಿ" ಎಂದಿರಿ. ಆ ಕೈ ಹಿಡಿದೇ ಇಳಿದೆ.

ನಿವೃತ್ತಿಯ ದಿನ ನನ್ನ ಶಿಸ್ತನ್ನು ಹೊಗಳಿ ಹಾರ ಹಾಕಿದರು. ಅದನ್ನು ಹರಿದು ಎಸೆಯಬೇಕಿತ್ತು. ಮನೆಗೆ ತಂದು ಗೂಟಕ್ಕೆ ನೇತುಹಾಕಿದೆ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ, ಈ ವಯಸ್ಸಿನಲ್ಲಿ ನಿಮ್ಮಿಂದ ಇನ್ನೊಂದು ಕೆಲಸ ಮಾಡಿಸಿಕೊಂಡಂತೆ. ಇದು ಪತ್ರಿಕೆಯಲ್ಲಿ ಅಚ್ಚಾದ ಮೇಲೆ ನಿಮ್ಮ ಮನೆಗೆ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಅದು ಸರಿಯೇ. ಅಂಗಳದಲ್ಲಿ ನಿಂತು ಹೇಳುತ್ತೇನೆ — ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ಗಟ್ಟಿಯಾಗಿ.