ಹಳಿಯ ಈಚೆಗೊಂದು ತೊಟ್ಟಿ

ಶಹಾಬಾದದಿಂದ ವಾಡಿಗೆ ಹೊರಟ ನಮ್ಮ ಟಾಂಗಾ ಗೇಟಿಲ್ಲದ ಒಂದು ರೈಲುಹಳಿಯ ಮುಂದೆ ನಿಂತಿತು. 'ಮುಂದೆ ರೈಲು, ನಿಲ್ಲಿ' ಎಂದು ಉರ್ದುವಿನಲ್ಲಿ ಬರೆದ ಬೋರ್ಡಿನ ಬುಡದಲ್ಲಿ, ಹಳಿ ಕಾಯುವವನ ತಾಯಿ ಕಲ್ಲಿನ ತೊಟ್ಟಿಗೆ ಮುಸುರೆ ಸುರಿಯುತ್ತಿದ್ದಳು. ಇಲ್ಲೇಕೆ ಎಂದು ಕೇಳಿದೆ.

"ಕಲ್ಲು ಹೇರೋ ಗಾಡಿಯವ್ರು ಬಿಸಲಾಗ ಮಲಗಿಬಿಡ್ತಾರ್ರಿ ಅಕ್ಕಾರ. ಬೋರ್ಡ್ ಯಾರು ಓದಬೇಕು? ಎತ್ತಾದ್ರೂ ನಿಲ್ಲಲಿ ಅಂತ."

ಅಷ್ಟರಲ್ಲಿ ಹಾಸುಗಲ್ಲು ಹೇರಿದ ಗಾಡಿಯೊಂದು ಬಂತು. ಗಾಡಿಯವನು ಕಲ್ಲಿನ ಮೇಲೆಯೇ ಗಾಢ ನಿದ್ದೆಯಲ್ಲಿದ್ದ. ರೈಲಿನ ಸೀಟಿ ಹತ್ತಿರವಾಗುತ್ತಿತ್ತು; ನಾನು ಕೂಗಿದರೂ ಅವನು ಏಳಲಿಲ್ಲ. ಎತ್ತುಗಳು ತಾವಾಗಿ ನಿಂತು ತೊಟ್ಟಿಯಲ್ಲಿ ಮೂತಿ ಅದ್ದಿದವು. ರೈಲು ಗಡಗಡನೆ ದಾಟಿಹೋಯಿತು.

ಸದ್ದಿಗೆ ಎದ್ದವನು, "ಯಾಕ ನಿಂತ್ರೋ, ಹೊಟ್ಟಿಬಾಕಗೋಳಾ" ಎಂದು ಬಾರುಕೋಲು ಎತ್ತಿದ. ಮುದುಕಿ ಅದನ್ನು ಹಿಡಿದುಕೊಂಡಳು.

"ಇವತ್ತೊಂದಿನ ಹೊಡಿಬ್ಯಾಡ ತಮ್ಮಾ. ಹೊಟ್ಟಿತುಂಬ ಕುಡೀಲಿ."