ಬಾಗಿಲು ಮುಟ್ಟುವ ಮುರಳೀಕೃಷ್ಣ
ಬಂದ್ಯೋಡಿನ ಮುರಳೀಕೃಷ್ಣ ಅಗ್ನಿಶಾಮಕ ದಳದ ವೀರ. ಮುಚ್ಚಿದ ಬಾಗಿಲೆಲ್ಲ ಅವನ ಪಾಲಿಗೆ ಚಕ್ರವ್ಯೂಹ. ಅಂಗೈ ಸುಟ್ಟರೆ ಹಗ್ಗ ಹಿಡಿಯಲಾಗದೆಂದು ಮೊದಲು ಕೈಯ ಹಿಂಬದಿಯನ್ನು ಬಾಗಿಲಿಗೆ ತಾಗಿಸುತ್ತಾನೆ. ತಣ್ಣಗಿದ್ದರೆ ಮಾತ್ರ ಪಕ್ಕಕ್ಕೆ ಸರಿದು, ಬಗ್ಗಿ, ಗೇಣಷ್ಟೇ ತೆರೆಯುತ್ತಾನೆ. ಉಸಿರುಕಟ್ಟಿದ ಬೆಂಕಿ ಗಾಳಿ ಸಿಕ್ಕಿದ ಕೂಡಲೇ ಮೈಮೇಲೆ ಹಾರುತ್ತದಂತೆ. ಮಂಜೇಶ್ವರದ ನೆಂಟರ ಬಚ್ಚಲಿಗೂ ಇದೇ ಮರ್ಯಾದೆ. "ಫ್ರಿಜ್ಜಿನ ಒಳಗೆ ಎಂತ ಬೆಂಕಿ ಉಂಟು ಮಾರಾಯ್ರೆ? ನಿನ್ನೆಯ ಸಾಂಬಾರಲ್ವಾ?" ಎಂದು ಹೆಂಡತಿ ಸೌದಾಮಿನಿ ಕೆಣಕಿದರೆ, "ಅಭ್ಯಾಸ ತಪ್ಪಬಾರದು" ಎಂದು ಗಂಭೀರನಾಗುತ್ತಾನೆ. ಆದರೆ ಬೆಂಕಿಯೊಳಗೆ ಸಿಕ್ಕಿದವರನ್ನು ಉಳಿಸಲಾಗದ ದಿನ ಅವನು ಬಂದು ಜಗಲಿಯಲ್ಲಿ ಕುಳಿತರೆ, ಸೌದಾಮಿನಿ ಎಂತದನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತು, ಮೊದಲು ಅವನ ಕೆನ್ನೆಗೆ ತನ್ನ ಕೈಯ ಹಿಂಬದಿಯನ್ನು ತಾಗಿಸುತ್ತಾಳೆ.